ಕಡಲು ದಾಟಿದ ಬೀಜ, ದಾಟದೆ ಉಳಿದ ವಿದ್ಯೆ

ನಾವು ನಿತ್ಯವೂ ಉಣ್ಣುವ ಅನ್ನಕ್ಕೂ ಒಂದು ಚರಿತ್ರೆಯುಂಟು. ಅರಸರ ಚರಿತ್ರೆ ಶಿಲಾಶಾಸನಗಳಲ್ಲಿ ನಿಂತರೆ ಅನ್ನದ ಚರಿತ್ರೆ ಜನರ ಮಾತಿನಲ್ಲಿ ನಿಂತಿರುತ್ತದೆ. ‘ಮೆಣಸು’ ಎಂಬುದು ಕನ್ನಡದ ಪ್ರಾಚೀನ ಪದಗಳಲ್ಲೊಂದು. ಮಲೆನಾಡಿನ ಬಳ್ಳಿಯಲ್ಲಿ ಗೊಂಚಲಾಗಿ ಬಿಡುವ ಕಾಳಿಗೆ ಅದು ಹೆಸರು. ಹೊರನಾಡಿನಿಂದ ಬಂದ ಮತ್ತೊಂದು ಖಾರದ ವಸ್ತುವನ್ನು ಕಂಡ ನಮ್ಮ ಹಿರಿಯರು ಅದಕ್ಕೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟರು. ಕಾಲಕ್ರಮದಲ್ಲಿ ಬಂದ ನೆಂಟನೇ ಮನೆಯ ಯಜಮಾನನಾದನು. ಮೂಲದ ಮೆಣಸು ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣವನ್ನು ಹಚ್ಚಿಕೊಂಡು ತನ್ನ ಗುರುತನ್ನು ತಾನೇ ಹೇಳಿಕೊಳ್ಳಬೇಕಾಯಿತು. ಪರಂಗಿ ಹಣ್ಣಿನ ಹೆಸರಿನಲ್ಲಿ ಅದನ್ನು ತಂದ ಪರಂಗಿಯವನು ಇಂದಿಗೂ ಇದ್ದಾನೆ. ಬಟಾಟೆಯೆಂಬ ಮಾತು ಕೆರಿಬಿಯನ್ ದ್ವೀಪಗಳ ಟೈನೊ ಜನರದು. ಅವರಲ್ಲಿ ಅದು ಗೆಣಸಿಗೆ ಹೆಸರಾಗಿತ್ತು. ಅನಾನಸು ಬ್ರೆಜಿಲಿನ ಟುಪಿ ಜನರ ಮಾತು. ಟೊಮೇಟೊ ಮೆಕ್ಸಿಕೋದ ನಾವಾಟಲ್ ಭಾಷೆಯ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ದಾಸೋಹದ ಪಂಕ್ತಿಗೆ ಮೆಣಸಿನಕಾಯಿಯಾಗಲಿ ಆಲೂಗಡ್ಡೆಯಾಗಲಿ ಟೊಮೇಟೊವಾಗಲಿ ಬಂದಿರಲಿಲ್ಲ. ಅವುಗಳನ್ನು ಬೆಳೆಯುತ್ತಿದ್ದ ನೆಲ ಎರಡು ಮಹಾಸಾಗರಗಳ ಆಚೆ ಇತ್ತು.

ಆ ನೆಲದಿಂದ ಬೀಜಗಳು ಹೊರಟುದು ಹೇಗೆ, ಅವುಗಳಿಂದ ಲೋಕಕ್ಕೆ ಆದ ಒಳಿತೇನು, ಕೆಡುಕೇನು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ. ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಬೆಳೆಗಳ ಮಾತೇಕೆ ಎಂಬ ಸಂದೇಹ ವಾಚಕರಲ್ಲಿ ಹುಟ್ಟಬಹುದು. ಇದು ಕೇವಲ ಬೆಳೆಗಳ ಕಥೆಯಲ್ಲ. ವಸ್ತುವನ್ನು ಪಡೆದು ಅದರ ವಿದ್ಯೆಯನ್ನು ಕಡೆಗಣಿಸಿದವರು ತೆತ್ತ ಬೆಲೆಯ ಕಥೆ.

1492ರ ಅಕ್ಟೋಬರ್ 12ರಂದು ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಹಾಮಾ ದ್ವೀಪಗಳಲ್ಲೊಂದರಲ್ಲಿ ಇಳಿದನು. ಸಹಸ್ರಾರು ವರ್ಷಗಳಿಂದ ಬೇರೆಬೇರೆಯಾಗಿ ಬೆಳೆದಿದ್ದ ಎರಡು ಭೂಭಾಗಗಳ ನಡುವೆ ಅಂದಿನಿಂದ ನಿರಂತರವಾದ ಕೊಡುಕೊಳೆ ಆರಂಭವಾಯಿತು. ಅಮೆರಿಕದ ಇತಿಹಾಸಕಾರ ಆಲ್‌ಫ್ರೆಡ್ ಕ್ರಾಸ್ಬಿ 1972ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ‘ಕೊಲಂಬಸೀಯ ವಿನಿಮಯ’ ಎಂದು ಕರೆದನು. ಅತ್ತಣಿಂದ ಮೆಕ್ಕೆಜೋಳ, ಆಲೂಗಡ್ಡೆ, ಗೆಣಸು, ಮರಗೆಣಸು, ಮೆಣಸಿನಕಾಯಿ, ಟೊಮೇಟೊ, ಶೇಂಗಾ, ಕೋಕೋ, ಹೊಗೆಸೊಪ್ಪುಗಳು ಹೊರಟವು. ಇತ್ತಣಿಂದ ಗೋದಿ, ಕಬ್ಬು, ಕಾಫಿ, ಕುದುರೆ, ದನ, ಕುರಿ, ಹಂದಿಗಳು ಹೋದವು. ಪೋರ್ಚುಗೀಸರು ಬ್ರೆಜಿಲನ್ನು ಮುಟ್ಟಿದುದು 1500ರಲ್ಲಿ. ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡುದು 1510ರಲ್ಲಿ. ಅಟ್ಲಾಂಟಿಕ್ ಆಚೆಯ ಹಲವು ಬೆಳೆಗಳು ಕನ್ನಡನಾಡಿನ ಗಡಿಗೆ ತಲಪಲು ಈ ಹಡಗುದಾರಿಯೇ ಕಾರಣವಾಯಿತು.

ಈ ವಿನಿಮಯವನ್ನು ಸಮಾನರ ವ್ಯಾಪಾರವೆಂದು ಭಾವಿಸಿದರೆ ಸತ್ಯಕ್ಕೆ ಅಪಚಾರವಾದೀತು. ಹಡಗುಗಳಲ್ಲಿ ಸಿಡುಬು, ದಡಾರಗಳೂ ಪ್ರಯಾಣ ಮಾಡಿದವು. ಆ ರೋಗಗಳನ್ನೇ ಕಂಡರಿಯದ ಅಲ್ಲಿಯ ಮೂಲನಿವಾಸಿಗಳ ಶರೀರಕ್ಕೆ ಅವುಗಳನ್ನು ತಡೆಯುವ ಶಕ್ತಿಯಿರಲಿಲ್ಲ. 1520ರಲ್ಲಿ ಮೆಕ್ಸಿಕೋದ ರಾಜಧಾನಿ ಟೆನೊಚ್ಟಿಟ್ಲಾನಿಗೆ ಸಿಡುಬು ನುಗ್ಗಿ ಅಲ್ಲಿಯ ಅರಸ ಕ್ವಿಟ್ಲಾವಾಕನನ್ನೂ ಬಲಿತೆಗೆದುಕೊಂಡಿತು. ಮರುವರ್ಷ ಆ ನಗರ ಸ್ಪೇನಿನವರ ವಶವಾಯಿತು. ಒಂದು ಶತಮಾನದೊಳಗೆ ಆ ನಾಡಿನ ಮೂಲಜನರಲ್ಲಿ ಬಹುಭಾಗ ಅಳಿದುಹೋಯಿತು. ಇನ್ನು ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕದಿಂದ ಮನುಷ್ಯರನ್ನೇ ಸರಕಾಗಿ ತುಂಬಿದರು. ಮೂರೂವರೆ ಶತಮಾನಗಳ ಅವಧಿಯಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಲಾಯಿತೆಂದೂ ಅವರಲ್ಲಿ ಸುಮಾರು 1 ಕೋಟಿ 7 ಲಕ್ಷ ಜನ ಮಾತ್ರ ಜೀವಸಹಿತ ದಡ ಸೇರಿದರೆಂದೂ ವಿದ್ವಾಂಸರು ಲೆಕ್ಕಹಾಕಿದ್ದಾರೆ. ಸಕ್ಕರೆಯ ಸಿಹಿಗೆ ಇಂಥ ಕಹಿಯ ಬೇರಿತ್ತು.

ಸಾವಿನ ಈ ಲೆಕ್ಕ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದುದೇ. ಅಷ್ಟಾಗಿ ಗಮನಕ್ಕೆ ಬಾರದ ಮತ್ತೊಂದು ನಷ್ಟವುಂಟು. ಅದು ಬೀಜವನ್ನು ಕೊಂಡೊಯ್ದವರಿಗೇ ಆದ ನಷ್ಟ.

ಮೆಕ್ಕೆಜೋಳವನ್ನು ನೋಡಿರಿ. ಮೆಕ್ಸಿಕೋ ಮತ್ತು ಗ್ವಾಟೆಮಾಲಾಗಳ ಹೆಂಗಸರು ಅದನ್ನು ಹಾಗೆಯೇ ಬೀಸಿ ರೊಟ್ಟಿ ಮಾಡುತ್ತಿರಲಿಲ್ಲ. ಒಣಗಿದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಇಡೀ ರಾತ್ರಿ ನೆನೆಹಾಕಿ, ಮುಂಜಾನೆ ಚೆನ್ನಾಗಿ ತೊಳೆದು, ಸಿಪ್ಪೆ ಕಳೆದು, ಅನಂತರ ಕಲ್ಲಿನ ಮೇಲೆ ಅರೆಯುತ್ತಿದ್ದರು. ಸುಮಾರು ಮೂರು ಸಾವಿರ ವರ್ಷಗಳಿಂದ ಈ ಪದ್ಧತಿ ಅಲ್ಲಿ ರೂಢಿಯಲ್ಲಿದೆ. ಕಾಳು ಮೃದುವಾಗಿ ಹಿಟ್ಟು ಜಿಗುಟಾಗುವುದು ಕಣ್ಣಿಗೆ ಕಾಣುವ ಪ್ರಯೋಜನ. ಕಾಣದ ಪ್ರಯೋಜನ ಇನ್ನೂ ದೊಡ್ಡದು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವ ಬೇರೆ ದ್ರವ್ಯಗಳೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಮನುಷ್ಯನ ಜಠರಕ್ಕೆ ದಕ್ಕುವುದಿಲ್ಲ. ಸುಣ್ಣದ ಕ್ಷಾರವು ಆ ಬೆಸುಗೆಯನ್ನು ಬಿಡಿಸುತ್ತದೆ. ಜೊತೆಗೆ ಅದೇ ಹೊಲದಲ್ಲಿ ಹುರುಳಿಕಾಯಿಯ ಜಾತಿಯ ಬಳ್ಳಿಯನ್ನೂ ಕುಂಬಳವನ್ನೂ ಬೆಳೆದು, ಮೂರನ್ನೂ ಕೂಡಿಸಿ ಉಣ್ಣುತ್ತಿದ್ದುದರಿಂದ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತಿತ್ತು. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ತಾಯಂದಿರು ಕಂಡುಕೊಂಡ ವಿದ್ಯೆಯಿದು.

ಐರೋಪ್ಯರು ಕಾಳನ್ನು ಒಯ್ದರು. ಸುಣ್ಣದ ಮಡಕೆಯನ್ನು ಅಲ್ಲಿಯೇ ಬಿಟ್ಟರು. ತಮ್ಮ ಬೀಸುವ ಗಿರಣಿಗಳಿರುವಾಗ ಅದರ ಅಗತ್ಯ ಅವರಿಗೆ ತೋರಲಿಲ್ಲ. ಹುಲುಸಾಗಿ ಬೆಳೆಯುವ ಈ ಕಾಳು ಸ್ಪೇನ್ ಮತ್ತು ಇಟಲಿಗಳ ಬಡರೈತರಿಗೆ ಮುಖ್ಯಾಹಾರವಾಯಿತು. ಬೆನ್ನಲ್ಲೇ ಒಂದು ಹೊಸ ರೋಗ ತಲೆದೋರಿತು. ಬಿಸಿಲು ತಾಗುವ ಕಡೆಯಲ್ಲೆಲ್ಲ ಚರ್ಮ ಕೆಂಪಾಗಿ ಒಡೆಯುವುದು, ಅತಿಸಾರ, ಬುದ್ಧಿಭ್ರಮಣೆ, ಕೊನೆಗೆ ಮರಣ. 1735ರಲ್ಲಿ ಸ್ಪೇನಿನ ಅಸ್ತೂರಿಯಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ ಇದರ ಲಕ್ಷಣಗಳನ್ನು ಬರೆದಿಟ್ಟನು. 1771ರಲ್ಲಿ ಮಿಲಾನಿನ ಫ್ರಪೊಲ್ಲಿ ‘ಪೆಲಾಗ್ರಾ’ ಎಂಬ ಹೆಸರನ್ನು ಗ್ರಂಥಸ್ಥಗೊಳಿಸಿದನು. ಒರಟು ಚರ್ಮ ಎಂಬುದು ಅದರ ಅರ್ಥ. ಕಾಳು ಬೂಸಲು ಹಿಡಿದುದರಿಂದ ರೋಗ ಬಂತೆಂದು ಕೆಲವರು, ಸೋಂಕೆಂದು ಕೆಲವರು ವಾದಿಸುತ್ತ ಶತಮಾನವೇ ಕಳೆಯಿತು. ಅದೇ ಕಾಲದಲ್ಲಿ ಮೆಕ್ಸಿಕೋದ ಹಳ್ಳಿಯವರು ಮೂರು ಹೊತ್ತೂ ಮೆಕ್ಕೆಜೋಳವನ್ನೇ ಉಂಡು ಈ ರೋಗದಿಂದ ಬಹುಮಟ್ಟಿಗೆ ದೂರವಿದ್ದರು. ಅವರನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲಿ ಹಬ್ಬಿತು. 1906ರಿಂದ 1940ರವರೆಗೆ ಮೂವತ್ತು ಲಕ್ಷ ಜನ ಇದಕ್ಕೆ ಗುರಿಯಾಗಿ ಸುಮಾರು ಒಂದು ಲಕ್ಷ ಜನ ಸತ್ತರೆಂದು ಅಂದಾಜು. 1914ರಲ್ಲಿ ಸರಕಾರ ಇದರ ಪರಿಶೋಧನೆಗೆ ನಿಯಮಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳನ್ನೂ ಹುಚ್ಚಾಸ್ಪತ್ರೆಗಳನ್ನೂ ಸುತ್ತಿ ಒಂದು ಸಂಗತಿಯನ್ನು ಗಮನಿಸಿದನು: ರೋಗ ಅಲ್ಲಿದ್ದವರಿಗೆ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ನೌಕರರಿಗೆ ಬರುತ್ತಿರಲಿಲ್ಲ. ಸೋಂಕಾಗಿದ್ದರೆ ಈ ಭೇದವೆಲ್ಲಿಂದ? ಅನಾಥ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳುಗಳನ್ನು ಕೊಡಿಸಲು ರೋಗ ಮಾಯವಾಯಿತು. 1915ರಲ್ಲಿ ಮಿಸಿಸಿಪಿಯ ಸೆರೆಮನೆಯ ತೋಟದಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಒಪ್ಪಿ ಬಂದ ಕೈದಿಗಳಿಗೆ ಬಡವರ ಆಹಾರವನ್ನೇ ಕೊಟ್ಟಾಗ ಹನ್ನೊಂದು ಜನರಲ್ಲಿ ಆರು ಜನಕ್ಕೆ ರೋಗ ಕಾಣಿಸಿತು. ಆದರೂ ನಂಬದವರಿಗಾಗಿ 1916ರಲ್ಲಿ ಆತನು ರೋಗಿಗಳ ರಕ್ತವನ್ನು ತನ್ನ ಮೈಗೆ ಚುಚ್ಚಿಸಿಕೊಂಡು, ಇದು ಸೋಂಕಲ್ಲವೆಂದು ತೋರಿಸಿಕೊಟ್ಟನು. 1929ರಲ್ಲಿ ಆತನು ತೀರಿಕೊಂಡ ಮೇಲೆ, 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಆ ಕೊರತೆಯ ದ್ರವ್ಯ ಯಾವುದೆಂಬುದನ್ನು ಗುರುತಿಸಿದನು. ಮಡಕೆಯ ಸುಣ್ಣದಲ್ಲಿದ್ದ ಉತ್ತರವನ್ನು ಕಂಡುಕೊಳ್ಳಲು ಪಶ್ಚಿಮಕ್ಕೆ ಇನ್ನೂರು ವರ್ಷಗಳು ಬೇಕಾದವು.

ಆಲೂಗಡ್ಡೆಯ ಕಥೆಯೂ ಇಂಥದೇ. ಪೆರು ದೇಶದ ಆಂಡೀಸ್ ಪರ್ವತದ ರೈತರು ಬೆಟ್ಟದ ಒಂದೊಂದು ಎತ್ತರಕ್ಕೆ ಒಂದೊಂದು ತಳಿಯನ್ನು ಆರಿಸಿ, ಒಂದೇ ಹೊಲದಲ್ಲಿ ಹಲವು ತಳಿಗಳನ್ನು ನೆಡುತ್ತಿದ್ದರು. ಒಂದಕ್ಕೆ ಬೇನೆ ಬಂದರೆ ಇನ್ನೊಂದು ಉಳಿಯುತ್ತಿತ್ತು. ಗಡ್ಡೆಗಳನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಕಾಪಿಡುವುದನ್ನೂ ಅವರು ಬಲ್ಲರು. 1971ರಲ್ಲಿ ಲೀಮಾ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇಂಥ ಸಾವಿರಾರು ತಳಿಗಳನ್ನು ಸಂರಕ್ಷಿಸಿದೆ. ಯೂರೋಪಿಗೆ ಹೋದುದು ಕೆಲವೇ ತಳಿಗಳು. ಐರ್ಲೆಂಡಿನ ಬಡವರು ಬಹುತೇಕ ‘ಲಂಪರ್’ ಎಂಬ ಒಂದೇ ತಳಿಯನ್ನು ನಚ್ಚಿ ಬದುಕಿದರು. 1845ರಲ್ಲಿ ಅಂಗಮಾರಿ ರೋಗ ಬಂದು ಹೊಲಹೊಲವೇ ಕೊಳೆಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಹಸಿವನ್ನು ಹಿಂಬಾಲಿಸಿದ ಜ್ವರಗಳಿಂದಲೂ ಸತ್ತರು. ಅಷ್ಟೇ ಜನ ನಾಡು ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಇಷ್ಟಕ್ಕೆಲ್ಲ ಬೇನೆಯೊಂದೇ ಹೊಣೆಯಲ್ಲ; ಆಳುವವರ ಕಠಿಣ ನೀತಿಯೂ ಕಾರಣ. ಪರಿಹಾರಕ್ಕೆಂದು ಬ್ರಿಟಿಷ್ ಪ್ರಧಾನಿ ರಾಬರ್ಟ್ ಪೀಲ್ ಅಮೆರಿಕದಿಂದ ತರಿಸಿದ್ದು ಅದೇ ಮೆಕ್ಕೆಜೋಳ! ಅದನ್ನು ಬೀಸುವ ಬಗೆಯೂ ಬೇಯಿಸುವ ಬಗೆಯೂ ಹಸಿದವರಿಗೆ ತಿಳಿದಿರಲಿಲ್ಲ. ಅರೆಬೆಂದ ಕಾಳನ್ನು ತಿಂದು ಹೊಟ್ಟೆನೋವಿನಿಂದ ನರಳಿದರು. ಅದಕ್ಕೆ ‘ಪೀಲನ ಗಂಧಕ’ ಎಂದು ಅಡ್ಡಹೆಸರಿಟ್ಟರು.

ವಿದ್ಯೆಯೂ ಬೀಜದೊಡನೆ ಬೇರೂರಿದ ಉದಾಹರಣೆ ಇಲ್ಲದಿಲ್ಲ. ಮರಗೆಣಸಿನ ಕಹಿಜಾತಿಯಲ್ಲಿ ವಿಷಾಂಶವುಂಟು. ಅಮೆಜಾನ್ ಕಾಡಿನವರು ಅದನ್ನು ತುರಿದು, ಹಿಂಡಿ, ಹುರಿದು ವಿಷವನ್ನು ತೆಗೆಯುತ್ತಿದ್ದರು. ಪೋರ್ಚುಗೀಸರ ಮೂಲಕ ಈ ಗೆಣಸು ಆಫ್ರಿಕಕ್ಕೆ ಹೋದಾಗ ಅಲ್ಲಿಯ ಹೆಂಗಸರು ನೀರಿನಲ್ಲಿ ದಿನಗಟ್ಟಲೆ ನೆನೆಸಿ ಹುಳಿಬರಿಸುವ ಕ್ರಮಗಳನ್ನು ರೂಢಿಸಿಕೊಂಡರು. ಅದರಿಂದ ಇಂದು ಕೋಟ್ಯಂತರ ಜನ ಅದನ್ನುಂಡು ಬಾಳುತ್ತಿದ್ದಾರೆ. ಆ ಕ್ರಮ ತಪ್ಪಿದಾಗ ಏನಾಗುವುದೆಂಬುದಕ್ಕೂ ಸಾಕ್ಷಿಯಿದೆ. 1981ರಲ್ಲಿ ಮೊಜಾಂಬಿಕ್ ದೇಶದಲ್ಲಿ ಬರಗಾಲ ಬಂದಾಗ, ಹಸಿವಿನ ಅವಸರದಲ್ಲಿ ಸರಿಯಾಗಿ ಹದಮಾಡದ ಗೆಣಸನ್ನು ತಿಂದು ಸಾವಿರಕ್ಕೂ ಮಿಕ್ಕಿ ಜನ, ಮುಖ್ಯವಾಗಿ ಹೆಂಗಸರು ಮತ್ತು ಮಕ್ಕಳು, ಕಾಲಿನ ಸ್ವಾಧೀನ ಕಳೆದುಕೊಂಡರು.

ವಿದ್ಯೆ ಕಡಲನ್ನೇಕೆ ದಾಟಲಿಲ್ಲ? ಬೀಜವನ್ನು ಸಂಪತ್ತೆಂದು ಕಂಡವರು ಬೀಜ ಕೊಟ್ಟವರನ್ನು ಗುರುಗಳೆಂದು ಕಾಣಲಿಲ್ಲ. 1562ರಲ್ಲಿ ಯುಕಾಟಾನ್ ಪ್ರಾಂತದ ಮಾನಿ ಎಂಬ ಊರಿನಲ್ಲಿ ದಿಯೇಗೊ ದ ಲಾಂಡ ಎಂಬ ಪಾದ್ರಿ ಮಾಯಾ ಜನರ ಗ್ರಂಥಗಳನ್ನು ರಾಶಿಹಾಕಿ ಸುಡಿಸಿದನು. ಇಂದು ಜಗತ್ತಿನಲ್ಲಿ ಉಳಿದಿರುವ ಪ್ರಾಚೀನ ಮಾಯಾ ಗ್ರಂಥಗಳು ನಾಲ್ಕು ಮಾತ್ರ. ಸುಟ್ಟ ಗ್ರಂಥಗಳಲ್ಲಿ ಸುಣ್ಣದ ಮಡಕೆಯ ವಿಷಯವಿತ್ತೆಂದು ನಾನು ಹೇಳುತ್ತಿಲ್ಲ. ಗ್ರಂಥವನ್ನೇ ಸುಡುವ ಕಣ್ಣಿಗೆ ಅಡುಗೆಮನೆಯ ಅಜ್ಜಿಯ ವಿದ್ಯೆ ಕಾಣುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಅದೇ ಕಾಲದಲ್ಲಿ ಬರ್ನಾರ್ದಿನೊ ದ ಸಹಗೂನ್ ಎಂಬ ಮತ್ತೊಬ್ಬ ಪಾದ್ರಿ ನಾವಾಟಲ್ ಭಾಷೆಯನ್ನು ಕಲಿತು, ಆ ಜನರ ವೃದ್ಧರನ್ನು ಕೇಳಿ ಕೇಳಿ, ಅವರ ಲೋಕಜ್ಞಾನವನ್ನು ಹನ್ನೆರಡು ಪುಸ್ತಕಗಳಲ್ಲಿ ಬರೆಸಿಟ್ಟನು ಎಂಬುದನ್ನೂ ನೆನೆಯಬೇಕು. ಕೇಳುವ ವಿನಯವಿದ್ದವನಿಗೆ ಹೇಳುವವರು ದೊರೆತೇ ದೊರೆಯುತ್ತಾರೆ.

ನಮ್ಮ ಪರಂಪರೆಯಲ್ಲಿ ದಾಸೋಹಕ್ಕೂ ದಾನಕ್ಕೂ ಭೇದವನ್ನು ಹೇಳುತ್ತಾರೆ. ನಾನು ಕೊಟ್ಟೆನೆಂಬ ಅಹಂಕಾರ ದಾನವನ್ನು ಹಿಂಬಾಲಿಸಬಹುದು. ದಾಸೋಹದಲ್ಲಿ ಆ ಅಹಂಕಾರಕ್ಕೆ ಎಡೆಯಿಲ್ಲ. ಕೊಡುವವನಿಗೆ ಇರಬೇಕಾದ ವಿನಯ ಕೊಳ್ಳುವವನಿಗೂ ಬೇಕೆಂಬುದನ್ನು ಮೇಲಿನ ಚರಿತ್ರೆ ಸಾರುತ್ತದೆ. ಇಂದು ದಾವಣಗೆರೆ, ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ಮೆಕ್ಕೆಜೋಳ ಕಣ್ಣು ಹಾಯುವವರೆಗೆ ನಿಂತಿದೆ. ಅದು ಬಂದ ಮೇಲೆ ಹಿಂದೆ ಸರಿದ ನವಣೆ, ಸಾಮೆ, ಹಾರಕಗಳನ್ನು ಬೆಳೆಯುವ, ಕುಟ್ಟುವ, ಬೇಯಿಸುವ ವಿದ್ಯೆ ನಮ್ಮದೇ ಹಳ್ಳಿಗಳ ಹಿರಿಯರಲ್ಲಿ ಇನ್ನೂ ಅಷ್ಟಿಷ್ಟು ಉಳಿದಿದೆ. ಶಾಲೆಯ ಮಕ್ಕಳು ತಂತಮ್ಮ ಅಜ್ಜಿಯರನ್ನು ಕೇಳಿ ಅದನ್ನು ಬರೆದುಕೊಳ್ಳುವಂತೆ ಅಧ್ಯಾಪಕರು ಪ್ರೇರೇಪಿಸಿದರೆ ಅದೂ ಒಂದು ವಿದ್ಯಾಭ್ಯಾಸವೇ ಆದೀತು.

ವಿದ್ಯಾಸಂಸ್ಥೆಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಉದಾರಿಗಳಾದ ದಾನಿಗಳು ಕೊಡುವ ಕಟ್ಟಡ, ಪುಸ್ತಕ, ಪ್ರಯೋಗಶಾಲೆಯ ಸಲಕರಣೆಗಳೆಲ್ಲ ಬೀಜಗಳು. ಅವು ಅಮೂಲ್ಯವಾದವು, ಅವಿಲ್ಲದೆ ಬೆಳೆಯಿಲ್ಲ. ಬೀಗ ಹಾಕಿದ ಕಪಾಟಿನ ಪುಸ್ತಕ, ಬಳಸಲರಿಯದ ಯಂತ್ರ, ಇವು ಸುಣ್ಣ ಕಾಣದ ಮೆಕ್ಕೆಜೋಳದಂತೆ. ಹೊಟ್ಟೆ ತುಂಬಿದಂತೆ ತೋರಿಸಿ ಒಳಗಿನಿಂದ ಸೊರಗಿಸುತ್ತವೆ. ಬೀಜವನ್ನು ಕೊಟ್ಟವರ ಔದಾರ್ಯಕ್ಕೆ ವಿದ್ಯೆಯನ್ನು ಬಲ್ಲವರ ಶ್ರಮ ಕೂಡಿದಲ್ಲಿ ಮಾತ್ರ ಅನ್ನ ಪ್ರಸಾದವಾಗುತ್ತದೆ. ಈ ವಿದ್ಯಾಮಂದಿರದಲ್ಲಿ ಅವೆರಡೂ ಎಂದೆಂದಿಗೂ ಒಂದಾಗಿರಲೆಂದು ಹಾರೈಸುತ್ತೇನೆ.