ಅಗೆಯದೆ ಕಂಡ ನಗರ

ಮಣ್ಣಿನಡಿ ಹುದುಗಿದ ಊರೊಂದನ್ನು ಅರಿಯಬೇಕಾದರೆ ಅಗೆಯಲೇಬೇಕೆಂಬುದು ನಮ್ಮೆಲ್ಲರ ಸಾಮಾನ್ಯ ನಂಬಿಕೆ. ಆದರೆ ಉತ್ಖನನದಲ್ಲೊಂದು ವಿಷಾದವಿದೆ. ಒಮ್ಮೆ ಅಗೆದ ಪದರವನ್ನು ಮತ್ತೆ ಮೊದಲಿನಂತೆ ಜೋಡಿಸಲಾಗದು. ಓದಿದಂತೆಲ್ಲ ಪುಟಗಳು ಹರಿದುಹೋಗುವ ಪುಸ್ತಕವದು. ಆದುದರಿಂದಲೇ ಭೂಭೌತ ಸಮೀಕ್ಷೆಯು ಪುರಾತತ್ತ್ವಜ್ಞರ ಪಾಲಿಗೆ ಅಮೂಲ್ಯ ಸಾಧನವೆನಿಸಿದೆ.

1946ರಲ್ಲಿ ಇಂಗ್ಲೆಂಡಿನ ಡಾರ್ಚೆಸ್ಟರ್-ಆನ್-ಥೇಮ್ಸ್‌ನಲ್ಲಿ ರಿಚರ್ಡ್ ಅಟ್ಕಿನ್ಸನ್ ವಿದ್ಯುತ್ ರೋಧದ ವಿಧಾನವನ್ನು ಪ್ರಯೋಗಿಸಿದರು. ಲೋಹದ ಕಡ್ಡಿಗಳನ್ನು ನೆಲಕ್ಕೆ ಚುಚ್ಚಿ ವಿದ್ಯುತ್ ಹರಿಸಿದರೆ, ತೇವ ಹಿಡಿದಿಟ್ಟ ಹಳೆಯ ಕಂದಕ ಅದನ್ನು ಸಲೀಸಾಗಿ ಹರಿಯಗೊಡುತ್ತದೆ, ಕಲ್ಲುಗೋಡೆ ತಡೆಯುತ್ತದೆ. 1958ರಲ್ಲಿ ಮಾರ್ಟಿನ್ ಏಟ್ಕನ್, ಪೀಟರ್‌ಬರೋ ಸಮೀಪ ರಸ್ತೆ ಕಾಮಗಾರಿಗೆ ಬಲಿಯಾಗಲಿದ್ದ ಜಾಗದಲ್ಲಿ ಕಾಂತಮಾಪಕದಿಂದ ರೋಮನ್ ಕಾಲದ ಕುಂಬಾರರ ಆವಿಗೆಯನ್ನು ಪತ್ತೆಹಚ್ಚಿದರು. ಬೆಂದ ಮಣ್ಣು ತಣಿಯುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಕುಂಬಾರ ಮಣ್ಣಾದರೂ ಅವನು ಹಚ್ಚಿದ ಬೆಂಕಿಯ ಗುರುತು ಅಳಿಯುವುದಿಲ್ಲ!

ಮೂರನೆಯದು ನೆಲವನ್ನು ಭೇದಿಸುವ ರಾಡಾರ್. ರೇಡಿಯೋ ಅಲೆಯನ್ನು ಕೆಳಗಿಳಿಸಿ, ಅದು ಗೋಡೆಗೋ ನೆಲಹಾಸಿಗೋ ತಾಗಿ ಮರಳಲು ತೆಗೆದುಕೊಂಡ ಕಾಲದಿಂದ ಆಳವನ್ನು ಲೆಕ್ಕಹಾಕುವುದು ಇದರ ತಂತ್ರ. ರೋಮಿನ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದ ಫಾಲೆರೀ ನೋವಿ ಇದಕ್ಕೆ ಸೊಗಸಾದ ನಿದರ್ಶನ. ಕ್ರಿ.ಪೂ. 241ರಲ್ಲಿ ಸ್ಥಾಪಿತವಾಗಿ, ಕ್ರಿ.ಶ. 700ರ ಸುಮಾರಿಗೆ ಪಾಳುಬಿದ್ದ ನಗರವದು. ಕೇಂಬ್ರಿಜ್ ಹಾಗೂ ಗೆಂಟ್ ವಿಶ್ವವಿದ್ಯಾಲಯಗಳ ವಿದ್ವಾಂಸರು ನಾಲ್ಕು ಚಕ್ರದ ಪುಟ್ಟ ವಾಹನದ ಹಿಂದೆ ರಾಡಾರ್ ಕಟ್ಟಿಕೊಂಡು, ಕೋಟೆಯೊಳಗಿನ 30.5 ಹೆಕ್ಟೇರನ್ನು 12.5 ಸೆಂ.ಮೀ.ಗೊಂದು ಅಳತೆಯಂತೆ ಜಾಲಾಡಿದರು. 2020ರಲ್ಲಿ ಪ್ರಕಟವಾದ ನಕ್ಷೆಯಲ್ಲಿ ಸ್ನಾನಗೃಹ, ಮಾರುಕಟ್ಟೆ, ದೇಗುಲಗಳು, ಮನೆಗಳ ಅಡಿಯಲ್ಲೇ ಹಾದುಹೋದ ನೀರಿನ ಕೊಳವೆಗಳೂ ಕಂಡವು. ಕೊಳವೆ ಮನೆಗಿಂತ ಕೆಳಗಿದೆಯೆಂದರೆ ಮೊದಲು ನೀರಿನ ವ್ಯವಸ್ಥೆ, ಆಮೇಲೆ ಕಟ್ಟಡ. ನಮ್ಮ ಮಹಾನಗರಗಳಲ್ಲಿ ಈ ಕ್ರಮ ಹೇಗಿದೆಯೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಹಾಗೆಂದು ಇದು ಅಂಜನ ಹಾಕಿ ನೋಡುವ ವಿದ್ಯೆಯಲ್ಲ. ಒದ್ದೆಯಾದ ಜೇಡಿಮಣ್ಣು ರಾಡಾರಿನ ಅಲೆಯನ್ನು ಬೇಗನೆ ಹೀರಿಬಿಡುತ್ತದೆ. ಮುಂಬಯಿ, ಪುಣೆಯ ಕಪ್ಪುಶಿಲೆ ತಾನೇ ಕಾಂತಗುಣವುಳ್ಳದ್ದಾದ್ದರಿಂದ ಕಾಂತಮಾಪಕವನ್ನು ಗೊಂದಲಕ್ಕೆ ಕೆಡಹುತ್ತದೆ. ಯಂತ್ರ ತೋರುವುದು ವ್ಯತ್ಯಾಸವನ್ನಷ್ಟೆ. ಅದು ಗೋಡೆಯೋ ಬಂಡೆಯೋ ಎಂದು ನಿಶ್ಚಯಿಸಲು ಕಡೆಗೆ ಗುದ್ದಲಿಯೇ ಬೇಕು.

ಇವೇ ವಿಧಾನಗಳು ಬದುಕಿರುವವರ ರಕ್ಷಣೆಗೂ ಒದಗುತ್ತವೆ. ನೆಲದೊಳಗಿನ ಪೊಳ್ಳು, ಸಡಿಲ ಮಣ್ಣಿನ ದಪ್ಪ, ನೀರು ಜಿನುಗುವ ದಾರಿ ಇವೆಲ್ಲ ವಿದ್ಯುತ್ ರೋಧ ಮತ್ತು ಕಂಪನ ಅಲೆಗಳ ಮಾಪನದಲ್ಲಿ ಗೋಚರಿಸುತ್ತವೆ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ನೂರಾರು ಮನೆಗಳು ಬಿರುಕುಬಿಟ್ಟಾಗ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ತಜ್ಞರೂ ಅಲ್ಲಿಗೆ ತೆರಳಿದರು. ಆ ಪಟ್ಟಣ ನಿಂತಿರುವುದು ಹಳೆಯ ಭೂಕುಸಿತದ ರಾಶಿಯ ಮೇಲೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಅಲ್ಲಿ ಕೊರತೆಯಿದ್ದದ್ದು ಅರಿವಿನದಲ್ಲ, ಅರಿತದ್ದನ್ನು ಪಾಲಿಸುವ ಮನಸ್ಸಿನದು.

ನಮ್ಮ ಕೋಲಾರದ ಚಿನ್ನದ ಗಣಿಯ ಕಥೆಯೂ ಈ ಮಾತಿಗೆ ಹೊಂದುತ್ತದೆ. ಮೂರು ಕಿ.ಮೀ.ಗೂ ಮಿಕ್ಕಿದ ಆಳದಲ್ಲಿ ಒತ್ತಡ ತಾಳದೆ ಬಂಡೆಗಳು ಸಿಡಿಯುತ್ತಿದ್ದವು. ಆ ಸಿಡಿತದ ಜಾಗ ಗುರುತಿಸಲು ಕಂಪನಗ್ರಾಹಕಗಳ ಜಾಲವನ್ನೇ ಹರಡಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಜನ್ಮತಾಳಿದ್ದೂ ಅಲ್ಲಿಯೇ. 2001ರಲ್ಲಿ ಗಣಿ ಮುಚ್ಚಿತು. ಸುರಂಗಗಳಿಗೆ ನೀರು ತುಂಬತೊಡಗಿದ ಮೇಲೂ ನೆಲ ಕಂಪಿಸಿದ್ದು ದಾಖಲಾಗಿದೆ. ಮೇಲೆ ಜನವಸತಿ ಹಾಗೆಯೇ ಇದೆ.