‘ಹೊಂದಾಣಿಕಿ ಆಗ್ಲಿಲ್ರಿ’ ಎಂಬ ಮಾತಿನ ಹಿಂದೆ

ವಿಜಯಪುರದ ಕಡೆ ಒಂದು ಸಂಬಂಧ ಮುರಿದರೆ ಅದರ ಕಾರಣ ಎರಡೇ ಪದಗಳಲ್ಲಿ ಮುಗಿದುಹೋಗುತ್ತದೆ: ‘ಹೊಂದಾಣಿಕಿ ಆಗ್ಲಿಲ್ರಿ.’ ಮಗಳು ತವರಿಗೆ ಬಂದು ಕುಂತರೂ ಅದೇ ಮಾತು. ಕಾಲೇಜಿನಿಂದ ಜೊತೆಗಿದ್ದ ಹುಡುಗ, ಹುಡುಗಿ ಒಬ್ಬರ ನಂಬರನ್ನೊಬ್ಬರು ಅಳಿಸಿಹಾಕಿದರೂ ಅದೇ ಮಾತು. ಹಿರಿಯರು ಜಗಲಿಯ ಮೇಲೆ ಕೂತು ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆಸುವಾಗಲೂ ಅಷ್ಟು ಸಾಕಾಗುತ್ತದೆ. ಆ ಎರಡು ಪದಗಳ ಒಳಗೆ ಏನೇನು ಅಡಗಿದೆ ಎಂದು ಬಿಚ್ಚಿ ನೋಡುವವರು ಕಡಿಮೆ.

ಹೀಗೆ ಸದ್ದಿಲ್ಲದೆ ಮುಗಿಯುವ ಸಂಬಂಧಗಳು ಎಷ್ಟೆಂಬುದಕ್ಕೆ 2011ರ ಜನಗಣತಿ ಒಂದು ಅಂದಾಜು ಕೊಟ್ಟಿತು. ದೇಶದಲ್ಲಿ ವಿಚ್ಛೇದಿತರು ಎಂದು ಬರೆಸಿಕೊಂಡವರು ಸುಮಾರು 13.6 ಲಕ್ಷ. ಮದುವೆ ಮುರಿಯದೆ, ಆದರೆ ಬೇರೆಯಾಗಿ ಬದುಕುತ್ತಿದ್ದೇವೆ ಎಂದವರು ಅದರ ಹೆಚ್ಚುಕಡಿಮೆ ಮೂರು ಪಟ್ಟು. ವಿಚ್ಛೇದನ ಪಡೆದವರಿಗಿಂತ ಪಡೆಯದೆ ದೂರವಾದವರೇ ಹೆಚ್ಚು ಎಂದಾಯಿತು. ಮದುವೆಯವರೆಗೂ ಬಾರದೆ ಮುರಿದ ಪ್ರೀತಿಯನ್ನು ಯಾವ ಗಣತಿಯೂ ಎಣಿಸುವುದಿಲ್ಲ.

ಮೊದಲ ಕಾರಣ, ಇಬ್ಬರಿಗೂ ಒಬ್ಬರನ್ನೊಬ್ಬರು ತಿಳಿಯಲು ಸಮಯವೇ ಸಿಗದಿರುವುದು. ಹೆಣ್ಣು ನೋಡಲು ಬಂದವರು ಚಹಾ, ಅವಲಕ್ಕಿ ಮುಗಿಸಿ ಏಳುವಷ್ಟರಲ್ಲಿ ಹುಡುಗ ಹುಡುಗಿಗೆ ಮಾತಿಗೆ ಸಿಗುವುದು ಹತ್ತು ನಿಮಿಷ, ಅದೂ ಬಾಗಿಲ ಆಚೆ ಅತ್ತಿಗೆ ನಿಂತಿರುವಾಗ. ಮುಂದೆ ಓದಬೇಕೋ, ನೌಕರಿ ಮಾಡಬೇಕೋ, ಸಾಲ ಎಷ್ಟಿದೆ, ಕುಡಿತ ಇದೆಯೋ ಎಂಬ ಪ್ರಶ್ನೆಗಳು ಗಂಟಲಲ್ಲೇ ಉಳಿಯುತ್ತವೆ. ಅಕ್ಕಿಕಾಳು ಬಿದ್ದ ಮೇಲೆ ಅವೇ ಪ್ರಶ್ನೆಗಳು ಜಗಳದ ರೂಪದಲ್ಲಿ ಹೊರಬರುತ್ತವೆ.

ಬಳಗದ ಒಳಗೇ ಕೊಟ್ಟು ತರುವಲ್ಲಿ ಕೇಳುವ ಅಗತ್ಯವೇ ಇಲ್ಲ ಎಂಬ ಭಾವನೆ ಇನ್ನೂ ಗಟ್ಟಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಶೇ. 27ರಷ್ಟು ರಕ್ತಸಂಬಂಧದಲ್ಲೇ ನಡೆದವು. ದೇಶದಲ್ಲಿ ನಮಗಿಂತ ಮುಂದಿರುವುದು ತಮಿಳುನಾಡು ಮಾತ್ರ. ಸೋದರಮಾವನೇ ಗಂಡನಾದ ಮನೆಯಲ್ಲಿ ಜಗಳವಾದರೆ ಅಕ್ಕ ತಮ್ಮನ ಮಾತೂ ನಿಲ್ಲುತ್ತದೆ. ಹಬ್ಬಕ್ಕೆ ಬರುವ ಬುತ್ತಿಯೂ ನಿಲ್ಲುತ್ತದೆ. ಎರಡು ಮನೆ ಒಡೆಯುತ್ತದೆಂಬ ಹೆದರಿಕೆಗೆ ಹುಡುಗಿ ವರ್ಷಗಟ್ಟಲೆ ನುಂಗಿಕೊಂಡು ಇರುತ್ತಾಳೆ.

ದುಡ್ಡು, ದೂರ, ದ್ರಾಕ್ಷಿ

ಎರಡನೆಯ ಕಾರಣ ದುಡ್ಡು. ವಿಜಯಪುರ ಜಿಲ್ಲೆಯ ತಿಕೋಟಾದ ಸುತ್ತ ಸಂಸಾರದ ಲೆಕ್ಕವೆಲ್ಲ ದ್ರಾಕ್ಷಿ ಪಡದ ಮೇಲೆ ನಿಂತಿದೆ. ಕಂಬ, ತಂತಿ, ಔಷಧಿ, ಚಾಟಣಿ ಕೂಲಿ ಎಂದು ಸಾಲ ಮೊದಲೇ ಏರಿರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊನೆ ಕೊಯ್ದು ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾರಿದ ಮೇಲಷ್ಟೇ ಕೈಗೆ ಹಣ. ನಡುವೆ ಒಂದು ಅಕಾಲಿಕ ಮಳೆ ಬಿದ್ದರೆ, ಬರದ ವರ್ಷ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಬೇಕಾದರೆ ಆ ಲೆಕ್ಕ ತಲೆಕೆಳಗು. ಸಾಲದ ಮೊತ್ತವನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟ ಗಂಡ, ಅವಳ ಕಿವಿಯ ಬೆಂಡೋಲೆ ಗಿರವಿಗೆ ಹೋದ ದಿನ ಸಿಕ್ಕಿಬೀಳುತ್ತಾನೆ. ಬಂಗಾರ ಹೋದ ಸಂಕಟಕ್ಕಿಂತ ತನಗೆ ಹೇಳಲಿಲ್ಲವೆಂಬ ನೋವೇ ಅವಳಿಗೆ ದೊಡ್ಡದು.

ಹೊಲ ಕೈಬಿಟ್ಟಾಗ ಉಳಿಯುವ ದಾರಿ ದುಡಿಯಲು ಹೋಗುವುದು. ಪುಣೆ, ಮುಂಬೈ, ಗೋವಾ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಈ ಜಿಲ್ಲೆಯಿಂದ ತಲೆಮಾರುಗಳಿಂದ ಜನ ಹೋಗುತ್ತಲೇ ಇದ್ದಾರೆ. ಮೊದಮೊದಲು ದಿನಾ ರಾತ್ರಿ ಬರುವ ಫೋನು ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹಣ ಹಾಕಿದ ದಿನ ಮಾತ್ರ. ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ವರ್ಷ ಬಿಟ್ಟುಹೋಗಿದ್ದರೆ ಅದು ವಿಚ್ಛೇದನಕ್ಕೆ ಕಾರಣ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ನಾಲ್ಕು ವರ್ಷ ಗಂಡನ ಸುಳಿವೇ ಇಲ್ಲದಿದ್ದರೆ, ಇಲ್ಲವೇ ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿ ಬಿಡುಗಡೆ ಕೇಳಬಹುದು.

ಬಬಲೇಶ್ವರದ ಕಡೆ ಕಥೆ ಇನ್ನೊಂದು ತಿರುವು ಪಡೆದಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಹೊಲಗಳಿಗೆ ನೀರು ಬಂತು. ಆದರೂ ‘ಹೊಲದಾಗಿನ ಹುಡುಗಗ ಹೆಣ್ಣ ಕೊಡಂಗಿಲ್ಲ’ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿದೆ. ಡಿಗ್ರಿಯವರೆಗೆ ಒಂದೇ ಬಸ್ಸಿನಲ್ಲಿ ಓಡಾಡಿ ಮೆಚ್ಚಿಕೊಂಡ ಜೋಡಿಗಳ ಪ್ರೀತಿ, ಹುಡುಗಿಯ ಮನೆಗೆ ನೌಕರಿ ಇರುವ ವರ ಬಂದ ದಿನ ನಿಂತುಹೋಗುತ್ತದೆ. ಅಲ್ಲಿ ಜಗಳವಿಲ್ಲ, ದ್ರೋಹವಿಲ್ಲ. ಹುಡುಗ ತನ್ನ ಮನೆಯಲ್ಲಿ ಹೇಳಿರುವುದಿಲ್ಲ, ಹುಡುಗಿಯ ಮಾತನ್ನು ಅವಳ ಮನೆಯಲ್ಲಿ ಕೇಳಿರುವುದಿಲ್ಲ.

ಪ್ರೀತಿಗೆ ಪುರಾವೆ ಕೇಳಿದಾಗ

ಗೋಲಗುಂಬಜದಲ್ಲಿ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯ ಜೊತೆ ರಂಭಾ ಎಂಬ ನರ್ತಕಿಯ ಸಮಾಧಿಯೂ ಇದೆ. ಗೈಡುಗಳು ಹೇಳುವ ದಂತಕಥೆ ಹೀಗಿದೆ: ನಿಜವಾಗಿ ಪ್ರೀತಿಸುವೆಯಾದರೆ ಇಲ್ಲಿಂದ ಹಾರುವೆಯಾ ಎಂದು ಸುಲ್ತಾನ ಕೇಳಿದ, ಅವಳು ಪಿಸುಗುಟ್ಟುವ ಗ್ಯಾಲರಿಯಿಂದ ಹಾರಿಯೇಬಿಟ್ಟಳು. ಇತಿಹಾಸ ಅದನ್ನು ಒಪ್ಪಬೇಕಿಲ್ಲ. ಆದರೆ ಪ್ರೀತಿಗೆ ಪುರಾವೆ ಕೇಳುವ ಚಟ ಇಂದಿಗೂ ಉಳಿದಿದೆ. ಪಾಸ್‌ವರ್ಡ್ ಕೊಡು, ಲೊಕೇಶನ್ ಕಳಿಸು, ರಾತ್ರಿ ಹನ್ನೊಂದಕ್ಕೆ ಆನ್‌ಲೈನ್ ಯಾಕಿದ್ದಿ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಗಂಡ ಅಥವಾ ಹೆಂಡತಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದಾರೆಂದರೆ ಅದೇ ಮುರಿದ ಸಂಬಂಧದ ಲಕ್ಷಣ ಎಂದೂ ಹೇಳಿತು.

ಸಣ್ಣ ಮಾತುಗಳ ತೂಕವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅಳೆದು ನೋಡಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ 130 ಹೊಸ ದಂಪತಿಗಳನ್ನು ಗಮನಿಸಿ, ಆರು ವರ್ಷಗಳ ನಂತರ ಮತ್ತೆ ಹುಡುಕಿತು. ಜೊತೆಗಿದ್ದವರು, ಸಂಗಾತಿ ಏನೋ ಹೇಳಲು ಬಂದಾಗ ಶೇ. 86ರಷ್ಟು ಸಲ ಅತ್ತ ತಿರುಗಿ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟದ್ದು ಶೇ. 33ರಷ್ಟು ಸಲ ಮಾತ್ರ. ‘ಮಳಿ ಬರೂವಂಗ ಕಾಣಸ್ತೈತಿ’ ಎಂದಾಗ ತಲೆಯೆತ್ತಿ ಆಕಾಶ ನೋಡುವುದೂ ಆ ಲೆಕ್ಕಕ್ಕೇ ಸೇರುತ್ತದೆ. ಸಂಗಾತಿಯನ್ನು ಕೀಳಾಗಿ ಕಂಡು ಆಡುವ ಮಾತು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬುದು ಅವರ ಇನ್ನೊಂದು ತೀರ್ಮಾನ.

ಆದರೆ ಎಲ್ಲ ಮುರಿತವೂ ಮಾತಿನಿಂದ ಸರಿಹೋಗುವಂಥದ್ದಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ರಾಜ್ಯಗಳ ಪೈಕಿ ಅದೇ ಅತಿ ಹೆಚ್ಚು. ಹೊಡೆತ ತಿಂದು ಬಂದವಳಿಗೆ ‘ತಗ್ಗಿ ಬಗ್ಗಿ ನಡಿ ತಂಗಿ’ ಎಂದು ಬುದ್ಧಿ ಹೇಳಿ ಮರಳಿ ಕಳಿಸುವುದನ್ನು ಹೊಂದಾಣಿಕೆ ಎನ್ನಬಾರದು. ಅಂಥವಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಸಾಂತ್ವನ ಕೇಂದ್ರಗಳಿವೆ, 181 ಸಹಾಯವಾಣಿ ಇದೆ.

ಇನ್ನು, ಇಬ್ಬರೂ ಬೇಕೆಂದರೂ ಮುಗಿಸಿಬಿಡುವ ಕಾರಣವೊಂದಿದೆ: ಜಾತಿ, ಧರ್ಮ. ಈ ಜಿಲ್ಲೆ ಅದನ್ನು ಕಣ್ಣಾರೆ ಕಂಡಿದೆ. 2017ರಲ್ಲಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಬೇರೆ ಧರ್ಮದ ದಲಿತ ಯುವಕನನ್ನು ಮದುವೆಯಾಗಿದ್ದ ಗರ್ಭಿಣಿಯನ್ನು ಅವಳ ಮನೆಯವರೇ ಸುಟ್ಟು ಕೊಂದರು. 2021ರಲ್ಲಿ ದೇವರಹಿಪ್ಪರಗಿ ತಾಲ್ಲೂಕಿನಲ್ಲಿ ಇನ್ನೊಂದು ಜೋಡಿಯ ಹತ್ಯೆಯಾಯಿತು. ಬಸವಣ್ಣ ಹುಟ್ಟಿದ ಜಿಲ್ಲೆ ಇದು ಎಂಬುದು ಆ ನೋವನ್ನು ಇಮ್ಮಡಿಸುತ್ತದೆ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲೇ ಆದೇಶಿಸಿದೆ.

ತಿಕೋಟಾದಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ತೊರವಿ ಸಿಗುತ್ತದೆ. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. 2003ರಲ್ಲಿ ಆರಂಭವಾದ ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಟ್ಟರು. ಹರಿಹರನ ರಗಳೆಯಲ್ಲಿ ಅಕ್ಕ, ತನ್ನನ್ನು ಬಯಸಿದ ಅರಸ ಕೌಶಿಕನ ಮನೆಗೆ ಹೋಗುವ ಮೊದಲೇ ತನ್ನ ಷರತ್ತುಗಳನ್ನು ಬಾಯಿಬಿಟ್ಟು ಹೇಳುತ್ತಾಳೆ. ಅವನು ಅವನ್ನು ಮುರಿದಾಗ ಹೊರಟುಬಿಡುತ್ತಾಳೆ. ಆ ಗೇಟಿನ ಮುಂದೆ ಬಸ್ಸಿಳಿಯುವ ಹುಡುಗಿಯರಲ್ಲಿ ಕೆಲವರಿಗಾದರೂ, ಬೇಸಿಗೆ ರಜೆಗೆ ಊರಿಗೆ ಹೋದಾಗ ನೋಡಲು ಬರುವವರಿದ್ದಾರೆ. ಆ ಹತ್ತು ನಿಮಿಷದಲ್ಲಿ ಏನು ಕೇಳಬೇಕೆಂದು ಅವರು ಈಗಲೇ ಗೆಳತಿಯರ ಜೊತೆ ಮಾತಾಡಿಕೊಳ್ಳಬಹುದು. ಬಾಗಿಲ ಆಚೆ ನಿಲ್ಲುವ ಅತ್ತಿಗೆ ಅಷ್ಟು ಹೊತ್ತು ಅಡಿಗೆಮನೆಗೆ ಹೋಗಿ ಬರಬಹುದು.