ಕಾರಿನ ಮುಂಗಡೆಯ ಫಲಕವೂ ಬಂಪರಿನ ರಂಧ್ರವೂ

ಜವಳಿ ಅಂಗಡಿಯಲ್ಲಿ ಬಟ್ಟೆಯನ್ನು ಅಳೆದು ಕೊಡುವವನ ಕೈಚಳಕವನ್ನು ವಾಚಕರು ನೋಡಿಯೇ ಇರುತ್ತಾರೆ. ಆತನು ಬಟ್ಟೆಯ ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಮಾಡಿ, ಬಳಿಕ ಎರಡು ಕೈಗಳಿಂದ ಹಿಡಿದು ಜಗ್ಗಿದನೆಂದರೆ ಅದು ಪರ್ರನೆ ನೇರವಾಗಿ ಸೀಳಿಬರುತ್ತದೆ. ಕಚ್ಚು ಮಾಡದೆ ಅದೇ ಬಟ್ಟೆಯನ್ನು ಹರಿಯಹೊರಟರೆ ಎಂಥ ಬಲಶಾಲಿಯೂ ಬೆವರಬೇಕಾಗುತ್ತದೆ. ಕತ್ತರಿಯು ಕಡಿದುಹಾಕಿದ್ದು ಕೆಲವೇ ಎಳೆಗಳನ್ನು. ಆದರೆ ಬಟ್ಟೆಯ ಬಲ ಕುಗ್ಗಿದ್ದು ಆ ಎಳೆಗಳ ಲೆಕ್ಕವನ್ನು ಎಷ್ಟೋ ಮೀರಿ. ಕಾರಿನ ಬಂಪರಿಗೆ ನೋಂದಣಿ ಫಲಕವನ್ನು ಕೂರಿಸಲು ಬೈರಿಗೆ ಹಿಡಿದು ನಿಂತವನು ಮೊದಲು ನೆನೆಯಬೇಕಾದುದು ಈ ಕಚ್ಚನ್ನು.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಹಲವು ಮನೆಗಳ ಬಾಗಿಲಿಗೆ ಬಂದಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಅದಕ್ಕೂ ಹಿಂದಿನ ವಾಹನಗಳು ಇದನ್ನೇ ಅಳವಡಿಸಿಕೊಳ್ಳಬೇಕೆಂದು 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ವಿಧಿಸಿತು. ಒಮ್ಮೆ ಕೂರಿಸಿದ ಮೇಲೆ ಮುರಿಯದೆ ಕಳಚಲಾಗದ ಬೀಗದ ಗುಬ್ಬಿಗಳು ಈ ಫಲಕದ ವೈಶಿಷ್ಟ್ಯ. ಹಳೆಯ ಫಲಕದ ರಂಧ್ರಗಳು ಹೊಸದಕ್ಕೆ ಸರಿಹೊಂದದಿದ್ದಾಗ, ಜೋಡಿಸುವವನು ಹಿಂದೆಮುಂದೆ ನೋಡದೆ ಇನ್ನೆರಡು ರಂಧ್ರಗಳನ್ನು ಕೊರೆದುಬಿಡುವುದುಂಟು. ಕೆಲಸ ಅವನದಾದರೂ ಬಂಪರು ನಮ್ಮದು. ಪಕ್ಕದಲ್ಲಿ ನಿಂತು ಏನು ಹೇಳಬೇಕೆಂಬುದು ತಿಳಿದಿದ್ದರೆ ಒಳಿತು. ಅಮೆರಿಕದಲ್ಲಿಯೂ ಇದೇ ಪಾಡು, ಕಾರಣ ಮಾತ್ರ ಬೇರೆ. ಅಲ್ಲಿ ಕ್ಯಾಲಿಫೋರ್ನಿಯದಂತಹ ರಾಜ್ಯಗಳು ಮುಂದೊಂದು ಹಿಂದೊಂದು ಫಲಕವನ್ನು ಬಯಸಿದರೆ, ಒಹಾಯೊ 2020ರ ಜುಲೈ 1ರಿಂದ ಮುಂದಿನದನ್ನು ಕೈಬಿಟ್ಟಿದೆ. ಒಂದೇ ಫಲಕದ ರಾಜ್ಯದಿಂದ ಎರಡು ಫಲಕದ ರಾಜ್ಯಕ್ಕೆ ಮನೆ ಬದಲಿಸಿದವನು ನುಣುಪಾದ ಬಂಪರಿನ ಮುಂದೆ ಬೈರಿಗೆ ಹಿಡಿದು ಯೋಚಿಸುತ್ತಾನೆ.

ಮೊದಲು ಫಲಕವು ಬಂಪರಿನ ಮೇಲೆ ಹೊರಿಸುವ ಭಾರವೆಷ್ಟೆಂಬುದನ್ನು ನೋಡೋಣ. ಕಾರಿನ ಉದ್ದನೆಯ ಫಲಕದ ಅಳತೆ 500 ಮಿ.ಮೀ. ಮತ್ತು 120 ಮಿ.ಮೀ.; ಅಲ್ಯೂಮಿನಿಯಂ ತಗಡಿನ ದಪ್ಪ 1 ಮಿ.ಮೀ. ಎಂದರೆ 60 ಘನ ಸೆಂಟಿಮೀಟರು ಲೋಹ; ಸಾಂದ್ರತೆಯಿಂದ ಗುಣಿಸಿದರೆ ಸುಮಾರು 160 ಗ್ರಾಂ. ಒಂದು ದೊಡ್ಡ ಸೇಬಿನ ತೂಕ! ಗಾಳಿಯ ಮಾತೇನು? ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 460 ನ್ಯೂಟನ್. ಫಲಕದ ಹರವಿನ ಮೇಲೆ ಅದು 28 ನ್ಯೂಟನ್, ಎಂದರೆ ಮೂರು ಕಿಲೋಗ್ರಾಂಗೂ ಕಡಿಮೆ ಭಾರಕ್ಕೆ ಸಮ. ಅದೂ ಫಲಕವನ್ನು ಬಂಪರಿಗೆ ಒತ್ತುವ ಬಲವೇ ಹೊರತು ಕೀಳುವ ಬಲವಲ್ಲ. ಹೀಗಿರುವಲ್ಲಿ ನಾಲ್ಕಾರು ದಪ್ಪ ತಿರುಪುಗಳನ್ನು ಜಡಿಯುವ ಅಗತ್ಯವೇ ಇಲ್ಲ. ಫಲಕಕ್ಕೆ ನಿಜವಾದ ಶತ್ರು ರಸ್ತೆಯ ನಡುಕ.

ಇನ್ನು ರಂಧ್ರದ ವಿಚಾರ. ಒಂದು ಅಗಲವಾದ ಹಾಳೆಯನ್ನು ಎರಡು ತುದಿಗಳಿಂದ ಜಗ್ಗಿದಾಗ ಒಳಗಿನ ಬಲ ಎಲ್ಲೆಡೆಯೂ ಸಮನಾಗಿ ಹಂಚಿಹೋಗಿರುತ್ತದೆ. ಚದರ ಮಿಲಿಮೀಟರೊಂದಕ್ಕೆ ಬೀಳುವ ಈ ಬಲವನ್ನು ಪೀಡನವೆನ್ನೋಣ. ಹೊಳೆಯ ನಡುವೆ ಬಂಡೆಯೊಂದು ಎದ್ದರೆ ನೀರು ಅದರ ಎರಡು ಮಗ್ಗುಲುಗಳಲ್ಲಿ ಒತ್ತಾಗಿ ಹರಿಯುವಂತೆ, ಹಾಳೆಯಲ್ಲಿ ರಂಧ್ರ ಬಿದ್ದರೆ ಪೀಡನವು ಅದರ ಅಂಚಿನಲ್ಲಿ ಒತ್ತಾಗುತ್ತದೆ. ಎಷ್ಟು ಪಟ್ಟು ಎಂಬುದನ್ನು 1898ರಲ್ಲಿ ಜರ್ಮನಿಯ ಕಿರ್ಶ್ ಲೆಕ್ಕ ಹಾಕಿ ತೋರಿಸಿದನು: ದುಂಡನೆಯ ರಂಧ್ರದ ಅಂಚಿನಲ್ಲಿ ಮೂರು ಪಟ್ಟು. ಸೋಜಿಗವೆಂದರೆ, ಹಾಳೆಯು ಸಾಕಷ್ಟು ಅಗಲವಾಗಿದ್ದರೆ ರಂಧ್ರ ಚಿಕ್ಕದಾದರೂ ದೊಡ್ಡದಾದರೂ ಇದು ಮೂರೇ! 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ಅಂಡಾಕಾರದ ರಂಧ್ರಕ್ಕೂ ಲೆಕ್ಕವನ್ನು ವಿಸ್ತರಿಸಿದನು. ಎಳೆತಕ್ಕೆ ಅಡ್ಡವಾಗಿ ರಂಧ್ರದ ಉದ್ದವು ಅಗಲದ ಐದರಷ್ಟಿದ್ದರೆ ತುದಿಯ ಪೀಡನ ಹನ್ನೊಂದು ಪಟ್ಟು. ರಂಧ್ರವು ಕಿರಿದಾಗುತ್ತ ಬಿರುಕಿನ ರೂಪ ತಾಳಿದಂತೆ ಈ ಸಂಖ್ಯೆ ಏರುತ್ತಲೇ ಹೋಗುತ್ತದೆ. ಜವಳಿಯವನ ಕಚ್ಚಿನ ಗುಟ್ಟು ಇದೇ.

ಈ ಲೆಕ್ಕವನ್ನು ಬರಿಯ ಕಾಗದದ ಮಾತೆಂದು ತಳ್ಳಿಹಾಕುವಂತಿಲ್ಲ. 1954ರಲ್ಲಿ ಬ್ರಿಟಿಷರ ಕಾಮೆಟ್ ಜೆಟ್ ವಿಮಾನಗಳೆರಡು ಆಕಾಶದಲ್ಲಿಯೇ ಒಡೆದು 56 ಜನ ಮಡಿದರು. ತನಿಖೆಯು ಬೆರಳು ತೋರಿದ್ದು ವಿಮಾನದ ಒಡಲಿನಲ್ಲಿ ಕತ್ತರಿಸಿದ್ದ ಕಿಂಡಿಗಳ ಮೂಲೆಯ ಕಡೆಗೆ. ಅಲ್ಲಿ ಕೂಡಿದ ಪೀಡನವು ಮತ್ತೆ ಮತ್ತೆ ಏರಿ ಇಳಿದು ಲೋಹವನ್ನು ದಣಿಸಿತ್ತು. ಬಂಪರು ಬಿರಿದರೆ ಯಾರೂ ಸಾಯಲಾರರು. ಆದರೂ ಎರಡು ಕಡೆಯೂ ಕೆಲಸ ಮಾಡುವ ನಿಯಮ ಒಂದೇ.

ಆದುದರಿಂದ ಉತ್ತಮವಾದ ರಂಧ್ರವೆಂದರೆ ಕೊರೆಯದೆ ಬಿಟ್ಟ ರಂಧ್ರ. ಅನೇಕ ಕಾರುಗಳ ಬಂಪರಿನಲ್ಲಿ ಫಲಕದ ತಾವನ್ನು ತಯಾರಕರೇ ಅಚ್ಚಿನಲ್ಲಿ ಗುರುತಿಸಿರುತ್ತಾರೆ. ಅಲ್ಲಿ ಒಂದು ಚೌಕಟ್ಟನ್ನು ಬಿಗಿದು, ಹೊಸ ಫಲಕದ ಬೀಗಗಳನ್ನು ಬಂಪರಿಗೆ ಬದಲಾಗಿ ಆ ಚೌಕಟ್ಟಿಗೆ ಹಾಕಿಸಿದರೆ ಕಾನೂನಿಗೂ ಬಂಪರಿಗೂ ಜಗಳವಿಲ್ಲ. ಕೆಟ್ಟು ನಿಂತ ಕಾರನ್ನು ಎಳೆಯುವ ಕೊಂಡಿಗಾಗಿ ಬಂಪರಿನ ಒಂದು ಬದಿಯಲ್ಲಿ ಸಣ್ಣ ಮುಚ್ಚಳದ ಹಿಂದೆ ತಿರುಪಿನ ರಂಧ್ರವಿರುವುದುಂಟು. ಅಮೆರಿಕದಲ್ಲಿ ಹಲವರು ಫಲಕದ ತೋಳನ್ನು ಅದಕ್ಕೆ ತಿರುಗಿಸಿ ಕೂರಿಸುತ್ತಾರೆ. ಫಲಕವು ಓರೆಯಾಗಿ ಒಂದು ಮಗ್ಗುಲಿಗೆ ನಿಲ್ಲುವುದರಿಂದ ನನ್ನ ಕಣ್ಣಿಗೆ ಅದು ಅಂದವಲ್ಲ. ಎರಡು ಬದಿಯ ಅಂಟುಪಟ್ಟಿಯೂ ಭಾರವನ್ನೇನೋ ಹೊರಬಲ್ಲದು. ಆದರೆ ಮೂಲೆಯಿಂದ ಸುಲಿದರೆ ಬಲವೆಲ್ಲ ಒಂದು ಗೆರೆಯ ಮೇಲೆ ಕೂಡಿ ಪಟ್ಟಿ ಸುಲಭವಾಗಿ ಎದ್ದುಬರುತ್ತದೆ. ಕಳಚಲಾಗದಿರಲೆಂದೇ ಮಾಡಿದ ಫಲಕಕ್ಕೆ ಅದು ತಕ್ಕದ್ದಲ್ಲ.

ಕೊರೆಯಲೇಬೇಕಾಗಿ ಬಂದಾಗ ಬಂಪರಿನ ವಸ್ತುವನ್ನು ಅರಿತಿರಬೇಕು. 2014ರವರೆಗೆ ತಯಾರಾದ ಅಂಬಾಸಿಡರಿನ ಹಳೆಯ ಮಾದರಿಗಳಲ್ಲಿ ಬಂಪರೆಂದರೆ ಕ್ರೋಮಿಯಂ ಲೇಪದ ಉಕ್ಕು. ಲೇಪವನ್ನು ತೂತು ಮಾಡಿದರೆ ಬಯಲಾದ ಉಕ್ಕು ಆ ಅಂಚಿನಿಂದಲೇ ತುಕ್ಕು ಹಿಡಿಯುತ್ತದೆ. ಕೊರೆದ ಕೂಡಲೆ ಬಣ್ಣ ಹಚ್ಚುವುದು ಅಗತ್ಯ. ಈಗಿನ ಕಾರುಗಳಲ್ಲಿ ನಮಗೆ ಕಾಣುವುದು ಸಾಮಾನ್ಯವಾಗಿ ರಬ್ಬರು ಬೆರೆಸಿದ ಪಾಲಿಪ್ರೊಪಿಲೀನಿನ ಹೊದಿಕೆ. ಇದಕ್ಕೆ ತುಕ್ಕಿನ ಭಯವಿಲ್ಲ, ಬಿಸಿಲಿನ ಭಯವುಂಟು. ಒಂದು ಡಿಗ್ರಿ ಉಷ್ಣತೆ ಏರಿದರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ; ಇಂತಹ ಪ್ಲಾಸ್ಟಿಕ್ಕು ಸುಮಾರು 100 ಪಾಲು. ಎರಡು ತಿರುಪುಗಳ ನಡುವೆ 300 ಮಿ.ಮೀ. ಇದ್ದು, ಬೆಳಗಿನ 20 ಡಿಗ್ರಿಯಿಂದ ನಡುಹಗಲಿನ 60 ಡಿಗ್ರಿಗೆ ಬಂಪರು ಕಾದರೆ, ಪ್ಲಾಸ್ಟಿಕ್ಕು 1.2 ಮಿ.ಮೀ. ಹಿಗ್ಗಿದಾಗ ಫಲಕವು 0.3 ಮಿ.ಮೀ. ಮಾತ್ರ ಹಿಗ್ಗಿರುತ್ತದೆ. ಉಳಿದ 0.9 ಮಿ.ಮೀ.ಗಾಗಿ ದಿನವೂ ಹಗ್ಗಜಗ್ಗಾಟ! ಫಲಕದ ಒಂದು ರಂಧ್ರವನ್ನು ದುಂಡಗೆ, ಇನ್ನೊಂದನ್ನು ಅಡ್ಡಡ್ಡಕ್ಕೆ ಉದ್ದವಾಗಿ ಇಟ್ಟರೆ ಈ ಜಗ್ಗಾಟ ನಿಲ್ಲುತ್ತದೆ. ಸರ್ಕಾರಿ ಫಲಕವನ್ನು ನಾವು ತಿದ್ದಬಾರದು; ಉದ್ದನೆಯ ರಂಧ್ರ ಚೌಕಟ್ಟಿನಲ್ಲಿರಲಿ.

ಕೊರೆಯುವ ಮುನ್ನ ಹೊದಿಕೆಯ ಹಿಂದೆ ತಂತಿ, ಸಂವೇದಕ, ನೀರಿನ ಕೊಳವೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಣ್ಣ ಸಿಡಿಯದಂತೆ ಮೇಲೊಂದು ಅಂಟುಕಾಗದವನ್ನು ಹಚ್ಚಿ, ಮೊದಲು ಸಣ್ಣ ಮೊನೆಯಿಂದ, ಬಳಿಕ ತಕ್ಕ ಮೊನೆಯಿಂದ ನಿಧಾನವಾಗಿ ಕೊರೆಯಬೇಕು. ವೇಗ ಹೆಚ್ಚಾದರೆ ಪ್ಲಾಸ್ಟಿಕ್ಕು ಕರಗಿ ಮೊನೆಗೆ ಸುತ್ತಿಕೊಳ್ಳುತ್ತದೆ. ಬಕೆಟ್ಟಿಗೆ ಕಾದ ಮೊಳೆ ಚುಚ್ಚುವಂತೆ ಇಲ್ಲಿಯೂ ಚುಚ್ಚುವುದು ಕೆಟ್ಟ ಅಭ್ಯಾಸ. ಅಂಚು ಸೊಟ್ಟಪಟ್ಟವಾಗಿ ಗಟ್ಟಿಯಾಗುತ್ತದೆ. ಅಂಚಿನ ಪ್ರತಿಯೊಂದು ಕಚ್ಚೂ ರಂಧ್ರದ ಮೇಲೊಂದು ರಂಧ್ರವಿದ್ದಂತೆ. ಮೂರು ಪಟ್ಟು ಏರಿದ ಪೀಡನ ಅಲ್ಲಿ ಮತ್ತೆ ಕೆಲವು ಪಟ್ಟು ಏರುತ್ತದೆ. ಕೊರೆದಾದ ಮೇಲೆ ನಯವಾದ ಮರಳುಕಾಗದದಿಂದ ಅಂಚನ್ನು ಉಜ್ಜುವ ಎರಡು ನಿಮಿಷವನ್ನು ಉಳಿಸಬಾರದು.

ತಿರುಪನ್ನು ಬಿಗಿಯುವಾಗ ಕೈ ಹಿಡಿತದಲ್ಲಿರಲಿ. ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. 6 ಮಿ.ಮೀ. ತಿರುಪಿಗೆ ಒಂದು ನ್ಯೂಟನ್-ಮೀಟರು ತಿರುಚುಬಲ ಕೊಟ್ಟರೆ, ಘರ್ಷಣೆಯ ಪಾಲು ಕಳೆದರೂ, ಅದು ಸುಮಾರು 800 ನ್ಯೂಟನ್ ಬಲದಿಂದ ಹೊದಿಕೆಯನ್ನು ಅಮುಕುತ್ತದೆ. ದೊಡ್ಡ ಆಳೊಬ್ಬನು ತಿರುಪಿನ ತಲೆಯ ಮೇಲೆ ನಿಂತಂತೆ! 10 ಮಿ.ಮೀ. ತಲೆಯ ಅಡಿಯಲ್ಲಿ 18 ಮಿ.ಮೀ. ವಾಷರನ್ನಿಟ್ಟರೆ ಭಾರ ಹೊರುವ ಹರವು ಸುಮಾರು ಐದು ಪಟ್ಟಾಗುತ್ತದೆ. ವಾಷರು ನೈಲಾನಿನದಾದರೆ ಕಡಲ ತೀರದ ಉಪ್ಪುಗಾಳಿಯಲ್ಲಿ ಉಕ್ಕೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಮುಟ್ಟಿ ತಿನ್ನದಂತೆಯೂ ತಡೆಯುತ್ತದೆ. ಚೌಕಟ್ಟಿನ ಬೆನ್ನಿಗೆ ತೆಳುವಾದ ರಬ್ಬರಿನ ಪಟ್ಟಿಯನ್ನು ಅಂಟಿಸುವುದೂ ಒಳ್ಳೆಯದು; ಇಲ್ಲದಿದ್ದರೆ ನಡುಕದಲ್ಲಿ ಸಿಕ್ಕ ಧೂಳು ಮರಳುಕಾಗದದಂತೆ ಬಣ್ಣವನ್ನು ಉಜ್ಜಿಹಾಕುತ್ತದೆ.

ಹಳೆಯ ರಂಧ್ರದಿಂದ ಈಗಾಗಲೇ ಬಿರುಕು ಹೊರಟಿದ್ದರೆ? ಬಿರುಕಿನ ತುದಿ ಕೂದಲಿನಷ್ಟು ಚೂಪು. ಇಂಗ್ಲಿಸನ ಲೆಕ್ಕದಂತೆ ಕೇಡೆಲ್ಲ ಕೂಡಿರುವುದು ಅಲ್ಲಿಯೇ. ಆ ತುದಿಯನ್ನು ಸರಿಯಾಗಿ ಗುರುತಿಸಿ, 3 ಮಿ.ಮೀ. ಮೊನೆಯಿಂದ ಅಲ್ಲಿಯೇ ಒಂದು ದುಂಡನೆಯ ರಂಧ್ರವನ್ನು ಕೊರೆಯುತ್ತಾರೆ. ಚೂಪು ಹೋಗಿ ತುದಿ ಗುಂಡಾದಾಗ ಪೀಡನವು ಬಹುಮಟ್ಟಿಗೆ ಇಳಿದು, ಬಿರುಕಿನ ಓಟ ಅಲ್ಲಿಗೆ ತಡೆಯುತ್ತದೆ. ಹಿಂದಿನಿಂದ ಒಂದು ತೇಪೆ ಹಚ್ಚಿದರೆ ಹೊದಿಕೆ ಇನ್ನಷ್ಟು ಕಾಲ ಬಾಳುತ್ತದೆ.